ಸರ್ಕಾರಕ್ಕೆ ನಾನು ಕೊಟ್ಟ ಸಲಹೆ

ಜನರ ಖಾಸಗಿ ವಿಷಯ ಕಾಯಲಿಕ್ಕೆ, ಸಾರ್ವಜನಿಕ ಮಾಹಿತಿಯನ್ನು ಕೇಳಿದವರಿಗೆ ಕೊಡಿಸಲಿಕ್ಕೆ, ಎರಡಕ್ಕೂ ಸೇರಿ ಸರ್ಕಾರ ಒಂದು ಹೊಸ ಪ್ರಾಧಿಕಾರ ಮಾಡುತ್ತದಂತೆ. ಸಾರ್ವಜನಿಕರು ಸಲಹೆ ಕಳಿಸಬಹುದಂತೆ. ಪೇಪರಿನಲ್ಲಿ ಓದಿದೆ. ಇಡೀ ಮಳವಳ್ಳಿಯಲ್ಲಿ ಈ ಕೆಲಸಕ್ಕೆ ನನಗಿಂತ ಫಿಟ್ ಯಾರಿದ್ದಾರೆ? ಕಾನ್ವೆಂಟಿನಲ್ಲಿ ಎಸ್ಸೇ ರೈಟಿಂಗಿಗೆ ಸಿಸ್ಟರ್ ಕೈಲಿ ‘ವೆರಿ ಗುಡ್’ ಬರೆಸಿಕೊಂಡವಳು ನಾನು!

ನಿಜ ಹೇಳಬೇಕೆಂದರೆ, ಒಳಗೆ ಉರಿಯುತ್ತಿದ್ದದ್ದು ಬೇರೆ. ಪೂರಿಗಾಲಿಯಲ್ಲಿರುವ ನನ್ನ ಓರಗಿತ್ತಿ ಪುಟ್ಟತಾಯಿ ಏಳನೇ ಕ್ಲಾಸೂ ದಾಟಿಲ್ಲ. ಆದರೂ ಮನೆತನದ ಗುಟ್ಟೆಲ್ಲ ಮೊದಲು ಅವಳ ಕಿವಿಗೇ. ಹೋಗಲಿ ಎಂದರೆ, ನನ್ನ ಮಗಳು ರೂಪಾ ತಾನು ಬಸುರಿ ಅನ್ನುವುದನ್ನೂ ನನಗಿಂತ ಮುಂಚೆ ಆ ಚಿಕ್ಕಮ್ಮನಿಗೆ ಹೇಳಿದಳು! ಸ್ಲೇಟು ಒಡೆದರೂ ನನ್ನ ಸೆರಗಿಗೇ ಓಡಿ ಬರುತ್ತಿದ್ದ ಹುಡುಗಿ!

ಇಂಗ್ಲಿಷಿನಲ್ಲಿ ಮೂರು ಪುಟ ಟೈಪ್ ಮಾಡಿದೆ. ತಾಯಿಗಿಂತ ಮೊದಲು ಚಿಕ್ಕಮ್ಮನಿಗೆ ತಲುಪಿದ ಶುಭ ಸುದ್ದಿಯನ್ನು ಮಾಹಿತಿ ಸೋರಿಕೆ ಎಂದು ಪರಿಗಣಿಸತಕ್ಕದ್ದು. ಉದಾಹರಣೆಗೆ ಪುಟ್ಟತಾಯಿ: ಹೆಸರು, ಊರು, ಸ್ವಭಾವ! ಮೇಲೆ ದಪ್ಪಕ್ಷರದಲ್ಲಿ ‘ಕಾನ್ಫಿಡೆನ್ಶಿಯಲ್’.

“ಬ್ಲಫ್‌ನ ಪವರ್ ಹೌಸಿನಲ್ಲಿ ಕರೆಂಟಿನ ಜೊತೆ ಬಾಳಿ ರಿಟೈರ್ ಆದೋನು ಹೇಳ್ತಿದೀನಿ,” ಅಂದರು ನಮ್ಮವರು. “ಇದಕ್ಕೆ ಕೈ ಹಾಕಬೇಡ ಕಣೇ!”

ಹಾಕಿದೆ.

ಒಂದು ತಿಂಗಳಿಗೆ ಮೇಲ್ ಬಂತು: ‘ತಮ್ಮ ಸಲಹೆಯನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಲಾಗಿದೆ.’ ಆಹಾ! ಓಪನ್ ಕೂಡ ಮಾಡದೆ ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದೆ: ‘ಪ್ರೌಡ್ ಮೊಮೆಂಟ್!’ ಆಮೇಲೆ ತೆರೆದರೆ, ಮೂರು ಪುಟವೂ ಹಾಗ್ಹಾಗೇ! ‘ಕಾನ್ಫಿಡೆನ್ಶಿಯಲ್’ ಸಮೇತ! ಬಂದ ಸಲಹೆಗಳೆಲ್ಲ ಸಾರ್ವಜನಿಕ ಮಾಹಿತಿ ಅಂತ ಪೇಪರಿನ ಪ್ರಕಟಣೆಯ ಕೊನೆಯಲ್ಲೇ ಇತ್ತಂತೆ. ಗಾಬರಿಯಲ್ಲಿ ‘ಡಿಲೀಟ್ ಫಾರ್ ಮಿ’ ಒತ್ತಿದೆ. ಲೋಕದಲ್ಲಿ ನನಗೊಬ್ಬಳಿಗೆ ಮಾತ್ರ ಕಾಣದಂತಾಯಿತು!

ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕಿದರು. ರೂಪಾ ಏನೂ ಬರೆಯಲಿಲ್ಲ.

ಮಾರನೇ ದಿನ ಪುಟ್ಟತಾಯಿಯೇ ಬಂದಳು, ಒಂದು ಚೀಲ ಅವರೆಕಾಯಿ ಹೊತ್ತು.

“ಅಕ್ಕಾ, ಸರ್ಕಾರದೋರ ಕಾಗ್ದದಾಗೆ ನನ್ನೆಸ್ರು ಬಂದದಂತೆ! ಬರೀ ಇಂಗ್ಲೀಸು ಕಣಕ್ಕ. ವಸಿ ಓದಿ ಏಳು,” ಎಂದು ಫೋನು ಮುಂದೆ ಹಿಡಿದಳು.

ಎಲ್ಲದಕ್ಕೂ ಮೂಗು ತೂರಿಸುವ ‘ಮೆಡ್ಲಿಂಗ್ ವುಮನ್’ ಅಂತಿದ್ದ ಕಡೆ ‘ಎಲ್ಲರ ಕಷ್ಟಕ್ಕೂ ಆಗುವ ಹೆಂಗಸು’ ಅಂತ ಓದಿದೆ. ‘ಅನ್‌ಎಜುಕೇಟೆಡ್’ ಇದ್ದದ್ದು ‘ಸರಳ ಜೀವಿ’ ಆಯಿತು. ‘ನನ್ನ ಮಗಳನ್ನು ಕದ್ದಳು’ ಅನ್ನುವ ಸಾಲನ್ನು ‘ನನ್ನ ಮಗಳಿಗೆ ಎರಡನೇ ತಾಯಿ’ ಅಂತ ಓದುವಾಗ, ಯಾಕೋ ಕಣ್ಣು ತುಂಬಿ ಬಂತು. ಒಳಗಿನಿಂದ ನಮ್ಮವರು ಜೋರಾಗಿ ಕೆಮ್ಮಿದರು.

ಪುಟ್ಟತಾಯಿ ಪೂರ್ತಿ ಕೇಳಿ ಫೋನು ಸೊಂಟಕ್ಕೆ ಸಿಕ್ಕಿಸಿದಳು. “ಬೆಳಗ್ಗೇನೆ ನಮ್ ಸೊಸೆ ಓದಿ ಏಳುದ್ಲು ಕಣಕ್ಕ. ಅವಳು ಓದಿದ್ದು ಬ್ಯಾರೆ ತರ ಇತ್ತು. ನಿಂದೇ ಚೆಂದಾಗದೆ!”

ಭೂಮಿ ಬಾಯಿ ಬಿಡಲಿಲ್ಲ. “ರೂಪಾ ನಂಗೇನೂ ಹೇಳಲ್ಲ ಕಣೇ,” ಅಂದೆ. ಅಳು ಬಂದೇಬಿಟ್ಟಿತು.

“ಏಳುದ್ರೆ ನೀ ಸರ್ಕಾರಕ್ಕೇ ಬರ್ದಾಕ್ತೀಯ! ಯಾವಳ್ ಏಳಾಳು ಬುಡು!” ಎಂದು ನನ್ನ ಬೆನ್ನು ಸವರಿ ಹೊರಟಳು.

ಅವಳ ಬಸ್ಸು ಪೂರಿಗಾಲಿ ಮುಟ್ಟಿರಲಿಲ್ಲ, ರೂಪಾ ಫೋನು.

“ಅಮ್ಮಾ, ನೀನು ಅಳ್ತಾ ಇದ್ದೆಯಂತೆ?”

ನನ್ನ ಅಳುವಿನ ಸುದ್ದಿಗೂ ಪುಟ್ಟತಾಯಿಯೇ ಪ್ರಾಧಿಕಾರ!