ಉತ್ತರ ಬರಬೇಕಾದ ವಿಳಾಸ

ಎದುರು ನಿಂತು ಒಂದು ಮಾತು ಕೇಳುವ ಧೈರ್ಯವಿದ್ದಿದ್ದರೆ ತಂತಿಯಪ್ಪನಿಗೆ ಈ ರಗಳೆಯೇ ಇರುತ್ತಿರಲಿಲ್ಲ. ಧೈರ್ಯವಿಲ್ಲದವನು ಪ್ರೋಗ್ರಾಂ ಬರೆದ.

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ತಂತಿಯಪ್ಪ ಎಂದೇ. ಕರೆಯುತ್ತಿದ್ದುದೂ ನೆಟ್‌ವರ್ಕ್ ಕೆಟ್ಟಾಗ ಮಾತ್ರ. ಊಟಕ್ಕೆ ಕರೆದವರಿಲ್ಲ. ಒಬ್ಬನೇ ಉಂಡೂ ಉಂಡೂ ಅವನಿಗೆ ಸಾಕಾಗಿ ಹೋಗಿತ್ತು. ನಕ್ಷೆ ಬಿಡಿಸುವಾಕೆ ಒಮ್ಮೆ 'ಥ್ಯಾಂಕ್ಸ್ ಸರ್' ಎಂದು ನಕ್ಕಿದ್ದಳು. ಆ ಬಂಡವಾಳದ ಮೇಲೆ ಇಷ್ಟೆಲ್ಲ.

ಕಂಪ್ಯೂಟರಿನ ಹೆಸರು ಕೊಟ್ಟರೆ ಅಂಕಿಗಳಲ್ಲಿರುವ ಅದರ ವಿಳಾಸ ಹುಡುಕಿಕೊಡುವ ಫಂಕ್ಷನ್ ಸಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಸಿದ್ಧವಾಗಿಯೇ ಇದೆ. ಅವಳ ಕಂಪ್ಯೂಟರಿನ ವಿಳಾಸ ಕೇಳಿದ. ಉತ್ತರ ಬರಬೇಕಲ್ಲ, ತನ್ನದನ್ನೂ ಕೇಳಿಕೊಂಡ. 'ಮಧ್ಯಾಹ್ನ ಜೊತೆಗೆ ಊಟ ಮಾಡೋಣ' ಎಂದು ಬರೆದು, ಹೆಸರು ಹಾಕಲು ನಾಚಿ, ಕೆಳಗೆ ತನ್ನ ವಿಳಾಸದ ಅಂಕಿಗಳನ್ನಷ್ಟೇ ಸೇರಿಸಿ ಕಳಿಸಿದ.

ತಕ್ಷಣ ಪರದೆಯ ಮೇಲೆ ಉತ್ತರ: 'ಮಧ್ಯಾಹ್ನ ಜೊತೆಗೆ ಊಟ ಮಾಡೋಣ.' ಕೆಳಗಿನ ಅಂಕಿ ನೋಡುವಷ್ಟು ತಾಳ್ಮೆ ಯಾರಿಗಿತ್ತು?

“ಅಕ್ಕಾ, ನನ್ನ ಮಾತನ್ನೇ ತಿರುಗಿಸಿ ಬರ್ದಿದಾಳೆ!” ಎಂದು ಪಕ್ಕದ ಮೇಜಿನ ಟೈಪಿಸ್ಟಕ್ಕನಿಗೆ ತೋರಿಸಿದ.

“ಒಪ್ಪಿಗೆ ಅಂದ್ರೆ ಅದೇ ಕಣೋ. ಡಂಗುರ ಹೊಡೀಬೇಕಾ?” ಎಂದ ಅಕ್ಕ, ತಾನೇ ಡಂಗುರ ಹೊಡೆಯಲು ಹೊರಟಳು. ಸುದ್ದಿ ಕೇಳಿ ಓಡಿಬಂದ ಸ್ಟೋರ್‌ಕೀಪರ್ ತನ್ನ ಕೋಟು ಬಿಚ್ಚಿ ತೊಡಿಸಿದ. ಅದರ ಗುಂಡಿ ಹಾಕಿದ ಮೇಲೆ ತಂತಿಯಪ್ಪ ಉಸಿರನ್ನೂ ಲೆಕ್ಕ ಹಾಕಿ ಎಳೆಯಬೇಕಾಯಿತು.

ಕ್ಯಾಂಟೀನಿನಲ್ಲಿ ಎರಡು ತಟ್ಟೆ, ಎರಡು ಕುರ್ಚಿ, ಸುತ್ತ ಇಡೀ ಕಚೇರಿಯ ಕಣ್ಣು. ಆಕೆ ನೇರ ಅವನ ಮೇಜಿಗೇ ಬಂದಳು.

“ಸರ್, ಈ ಕುರ್ಚಿ ಖಾಲಿನಾ?”

“ಹ್ಞೂಂ, ಖಾಲಿ! ಕೂ...”

“ಥ್ಯಾಂಕ್ಸ್. ಅಲ್ಲಿರೋದ್ರ ಕಾಲು ಮುರಿದಿದೆ.”

ಕುರ್ಚಿ ಎತ್ತಿಕೊಂಡು ಮೂಲೆಗೆ ಹೋಗಿ, ಗೋಡೆ ನೋಡುತ್ತ ಒಬ್ಬಳೇ ಉಂಡಳು. ಯಾರೋ ಕಿಸಕ್ಕೆಂದರು. ತಂತಿಯಪ್ಪ ತಟ್ಟೆ ಬಿಟ್ಟು ಎದ್ದ.

ವಾಪಸು ಬಂದು ಪ್ರೋಗ್ರಾಂ ತಿದ್ದಲು ಕೂತಾಗ ಗೊತ್ತಾಯಿತು. ಆ ಫಂಕ್ಷನ್ ಬಳಿ ಇರುವುದು ಒಂದೇ ಸ್ಲೇಟು. ಎರಡನೇ ವಿಳಾಸ ಕೇಳಿದರೆ ಮೊದಲನೆಯದನ್ನು ಒರೆಸಿ ಅಲ್ಲೇ ಬರೆಯುತ್ತದೆ. ಅವಳ ವಿಳಾಸದ ಜಾಗದಲ್ಲಿ ಇವನದೇ ಕೂತಿತ್ತು. ಬೆಳಿಗ್ಗೆ ತನ್ನನ್ನು ತಾನೇ ಊಟಕ್ಕೆ ಕರೆದುಕೊಂಡು, ಕೋಟು ಹಾಕಿಕೊಂಡು ಹೋಗಿದ್ದ ಪುಣ್ಯಾತ್ಮ!

ಅವಳ ವಿಳಾಸವನ್ನು ಬೇರೆ ಕಡೆ ನಕಲಿಸಿಟ್ಟು, 'ಮಧ್ಯಾಹ್ನ' ಇದ್ದಲ್ಲಿ 'ನಾಳೆ' ಎಂದು ಬರೆದು, ಕಣ್ಣು ಮುಚ್ಚಿ ಮತ್ತೆ ಕಳಿಸಿದ.

ಸ್ವಲ್ಪ ಹೊತ್ತಿಗೆ ಆಕೆಯೇ ಚೀಟಿ ಹಿಡಿದು ಬಂದಳು. ಮುಖ ಗಂಭೀರ.

“ಸರ್, ಯಾರೋ ಊಟಕ್ಕೆ ಕರ್ದಿದಾರೆ. ಹೆಸರಿಲ್ಲ, ಬರೀ ಅಂಕಿ. ಅಂಕಿ ಕೊಟ್ರೆ ಹೆಸರು ಹೇಳೋ ಫಂಕ್ಷನ್ನೂ ಇದೆಯಂತಲ್ಲ, ಯಾರು ಅಂತ ನೋಡ್ತೀರಾ?”

ದೂರು ಕೊಡಲು ಬಂದಿದ್ದಾಳೆ, ಕೆಲಸ ಹೋಯಿತು ಎಂದುಕೊಂಡ. ಅಂಕಿ ಒತ್ತಿದ. ಪರದೆಯ ಮೇಲೆ ಅವನ ಕಂಪ್ಯೂಟರಿನ ಹೆಸರೇ ಬಂತು. ಪರದೆಗೆ ಅಡ್ಡವಾಗಿ ಕೂತು, “ಅಂಥವರು ಯಾರೂ ಇಲ್ಲ ಮೇಡಂ” ಎಂದ.

“ಹೌದಾ?” ಅವಳ ಮುಖ ಬಾಡಿತು. “ನಾನೂ ದಿನಾ ಒಬ್ಳೇ ಊಟ ಮಾಡೋದು. ಹ್ಞೂಂ ಅನ್ನೋಣ ಅಂತ ಬಂದೆ. ನೀವೇ ಇರ್ಬಹುದೇನೋ ಅಂತ... ಬಿಡಿ, ಯಾರೋ ತಮಾಷೆ ಮಾಡಿರ್ಬೇಕು. ಇನ್ಮೇಲೆ ಆ ನಂಬರಿಂದ ನಂಗೆ ಏನೂ ಬರದ ಹಾಗೆ ಮುಚ್ಚಿಬಿಡಿ.”

ನಾನೇ ಎನ್ನಲು ತಂತಿಯಪ್ಪ ಬಾಯಿ ತೆರೆದ. ಆಡಿದ್ದು ತಲೆ ಮಾತ್ರ, ಆಯ್ತು ಎಂಬಂತೆ. ಅವಳು ಹೊರಟುಹೋದಳು.

ಆ ದಾರಿ ಮುಚ್ಚುವ ಪ್ರೋಗ್ರಾಮನ್ನೂ ಅವನೇ ಬರೆದ. ಅದು ಮಾತ್ರ ಮೊದಲ ಸಲಕ್ಕೇ ಸರಿಯಾಗಿ ನಡೆಯಿತು.