ಖಾತ್ರಿರಾಯನ ಮಂಚ

“ಈ ಮನೆಯಲ್ಲಿ ಇನ್ನು ‘ಸುಮಾರು’ ಅನ್ನೋ ಮಾತು ನನ್ನ ಕಿವಿಗೆ ಬೀಳಕೂಡದು!”

ಭಾನುವಾರ ಬೆಳಿಗ್ಗೆ ಖಾತ್ರಿರಾಯನ ಘೋಷಣೆ ಹೊರಬಿತ್ತು. ಆಲಿಸಿದ ಪ್ರಜೆಗಳು ಇಬ್ಬರು: ಹೆಂಡತಿ, ಮತ್ತು ಮಂಚದ ಅಳತೆಗೆ ಬಂದ ಬಡಗಿ.

ಖಾತ್ರಿರಾಯ ಅನ್ನೋ ಹೆಸರು ಕಚೇರಿಯವರು ಇಟ್ಟಿದ್ದು. ಸೇತುವೆ ಎಷ್ಟು ಭಾರ ತಾಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಕೆಲಸ. ಕಂಪ್ಯೂಟರು ಹೆಜ್ಜೆಹೆಜ್ಜೆಗೂ ಅಂಕಿಯ ದಶಮಾಂಶದ ಬಾಲ ಕತ್ತರಿಸುತ್ತದೆ. ಆ ಚೂರುಗಳೆಲ್ಲ ಸೇರಿ ಒಂದು ದಿನ ಸೇತುವೆಯನ್ನೇ ಬೀಳಿಸಬಹುದು. ಅದಕ್ಕೆ ಮದ್ದು ಅಂತರಾಳ ಗಣಿತ. ಯಾವ ಅಳತೆಗೂ ಒಂದೇ ಅಂಕಿ ಇಲ್ಲ. ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಎರಡು ತುದಿ. ಎರಡನ್ನೂ ಕೊನೆಯವರೆಗೆ ಹೊತ್ತು ಸಾಗಿದರೆ ನಿಜವಾದ ಉತ್ತರ ನಡುವೆ ಸಿಕ್ಕಿಬೀಳಲೇಬೇಕು. ವಿದ್ಯೆಯೇನೋ ಚಿನ್ನದಂಥದ್ದು. ಅದು ಹೊಕ್ಕ ತಲೆಯ ಬಗ್ಗೆ ಹಾಗೆ ಹೇಳುವಂತಿಲ್ಲ!

ಎಂಟು ದಿನ ಕಳೆದು ಸೋಮವಾರ ಅತ್ತೆ, ಅಂದರೆ ಹೆಂಡತಿಯ ತಾಯಿ, ಬರುವವರಿದ್ದರು. ನಿವೃತ್ತ ಆಟದ ಮೇಡಂ, ಎತ್ತರದ ಆಳು. ಮೊಣಕಾಲಿನ ಆಪರೇಷನ್ ಆಗಿದ್ದರಿಂದ ನೆಲದ ಮೇಲೆ ಮಲಗುವಂತಿಲ್ಲ. ಪಕ್ಕದ ಕೋಣೆಯಲ್ಲಿ ಬಾಗಿಲಿಗೂ ಮೂಲೆಗೂ ನಡುವೆ ಮಂಚ ಬರಬೇಕು. ಅಲ್ಲಿ ಖಾತ್ರಿರಾಯನ ಹಳೆಯ ಕಾಗದಗಳ ಗುಡ್ಡೆ ಬಿದ್ದಿತ್ತು.

“ಸುಮಾರು ಆರಡಿಗೆ ಎರಡು ಬೆರಳು ಕಮ್ಮಿ,” ಎಂದ ಬಡಗಿ. “ಗುಡ್ಡೆ ಸರಿಸಿದ್ರೆ ಟೇಪ್ ಹಿಡಿದೇ ನೋಡ್ತೀನಿ ಸಾರ್.”

“ನಿನ್ನ ಟೇಪಿನ ಕೊಕ್ಕೆ ಲೊಡಲೊಡ ಅಲ್ಲಾಡುತ್ತಲ್ಲಯ್ಯಾ!”

“ಅದು ಅಲ್ಲಾಡ್ಬೇಕು ಸಾರ್. ಕೊಕ್ಕೆ ದಪ್ಪ ಸರಿದೂಗ್ಲಿ ಅಂತ ಹಾಗೇ ಮಾಡಿರೋದು.”

“ಕೇಳಿದೆಯೇನೇ? ಅಲ್ಲಾಡೋದೇ ಇವರ ಶಾಸ್ತ್ರ!”

ಗುಡ್ಡೆ ಸರಿಸಲು ಸೋಮಾರಿತನ. ಖಾತ್ರಿರಾಯ ತುದಿ ಸವೆದ ಅಡಿಪಟ್ಟಿಯಿಂದ ನೆಲದ ಒಂದು ಟೈಲು ಅಳೆದ. ಇಪ್ಪತ್ತೆಂಟರಿಂದ ಮೂವತ್ತೆರಡು ಸೆಂಟಿಮೀಟರ್! ಎದುರು ಗೋಡೆಯುದ್ದಕ್ಕೆ ಹತ್ತು ಟೈಲು. ಕಡಿಮೆ ಎಂದರೆ ಇನ್ನೂರ ಎಂಬತ್ತು. ಅದರಲ್ಲಿ ಬಾಗಿಲ ಕಡೆಗೆ ಬಿಡಬೇಕಾದದ್ದು ನಾಲ್ಕು ಟೈಲು. ಹೆಚ್ಚೆಂದರೆ ನೂರ ಇಪ್ಪತ್ತೆಂಟು. ಚೀಟಿಯಲ್ಲಿ ಬರೆದು ಕಳೆದರೆ ಉಳಿದದ್ದು ನೂರ ಐವತ್ತೆರಡು.

“ಅಮ್ಮ ಅದಕ್ಕಿಂತ ಉದ್ದ ಇದ್ದಾರೆ ಕಣ್ರೀ!”

“ಕಾಲು ಮಡಿಸಿ ಮಲಗಲಿ.”

“ಮಡಿಸೋಕಾಗಲ್ಲ ಅಂತಾನೇ ಅಲ್ವೇನ್ರೀ ಮಂಚ ಮಾಡಿಸ್ತಿರೋದು?”

“ಹಾಗಾದ್ರೆ ಮೂಲೆಯಿಂದ ಮೂಲೆಗೆ ಮಲಗಲಿ! ಮಂಚ ಗೋಡೆಗೆ ಸಿಕ್ಕಿಕೊಳ್ಳಲ್ಲ ಅನ್ನೋದಕ್ಕೆ ನಾನು ಖಾತ್ರಿ!”

ಬಡಗಿ ಒಮ್ಮೆ ಹೆಂಡತಿಯ ಮುಖ ನೋಡಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ಸೋಮವಾರ ಮಧ್ಯಾಹ್ನ ಮಂಚವೂ ಬಂತು, ಅತ್ತೆಯೂ ಬಂದರು. ಗುಡ್ಡೆಯನ್ನು ಹೆಂಡತಿಯೇ ಎತ್ತಿ ಹೊರಗೆ ಹಾಕಿದಳು. ಮಂಚ ಗೋಡೆಗೆ ಸಿಕ್ಕಿಕೊಳ್ಳಲಿಲ್ಲ, ನಿಜ. ಅದರಾಚೆ ಸ್ಟೂಲು ಹಾಕುವಷ್ಟು ಜಾಗ ಹಲ್ಲು ಕಿರಿಯುತ್ತಿತ್ತು! ಅತ್ತೆ ಮಲಗಿದರು. ಎರಡೂ ಪಾದ ಮಂಚದಿಂದಾಚೆ ನೇತಾಡಿದವು.

“ಎಲ್ಲಿ, ಆ ಲೆಕ್ಕ ಕೊಡಿ ಅಳಿಯಂದಿರೇ,” ಎಂದರು. ಮೂವತ್ತು ವರ್ಷ ಮೈದಾನದಲ್ಲಿ ಗೆರೆ ಹಾಕಿಸಿದವರು. ಚೀಟಿ ಓದಿ ಕನ್ನಡಕ ತೆಗೆದರು.

“ಹತ್ತು ಟೈಲು ಎಣಿಸುವಾಗ ಟೈಲು ಗಿಡ್ಡ. ನಾಲ್ಕು ಟೈಲು ಕಳೆಯುವಾಗ ಉದ್ದ. ಎಲ್ಲಾ ಒಂದೇ ಅಚ್ಚಿನ ಟೈಲಲ್ವೇ? ಒಂದೇ ಟೈಲು ಒಂದೇ ಹೊತ್ತಿಗೆ ಎರಡು ಥರ ಹೇಗಿರುತ್ತೆ?”

ಕಚೇರಿಯ ಕಿರಿಯರನ್ನು ವಾರವಾರವೂ ಖಾತ್ರಿರಾಯ ಜಾಲಾಡುತ್ತಿದ್ದದ್ದು ಇದೇ ತಪ್ಪಿಗೆ! ಗುಡ್ಡೆ ಸರಿಸಿ ಆರು ಟೈಲು ಎಣಿಸಿದ್ದರೆ ಕಡಿಮೆ ಎಂದರೂ ನೂರ ಅರವತ್ತೆಂಟು ಸಿಗುತ್ತಿತ್ತು. ಅತ್ತೆಯ ಎತ್ತರ ನೂರ ಅರವತ್ತೈದು. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು.

ಅತ್ತೆ ಮಗಳ ಕೋಣೆಯ ದೊಡ್ಡ ಮಂಚಕ್ಕೆ ಹೋದರು. ಹೆಂಡತಿ ಅವನ ದಿಂಬು ತಂದು ಪುಟ್ಟ ಮಂಚದ ಮೇಲೆ ಎಸೆದಳು. ಖಾತ್ರಿರಾಯ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಮಲಗಿ ನೋಡಿದ.

“ಎಷ್ಟು ದಿನಾನೇ ಹೀಗೆ? ಸುಮಾರಾಗಿ ಹೇಳು, ಸಾಕು.”

“ಸುಮಾರಾ? ಈ ಮನೆಯಲ್ಲಾ?” ಎಂದಳು ಹೆಂಡತಿ. “ಕಡಿಮೆ ಅಂದ್ರೆ ಒಂದು ವಾರ, ಹೆಚ್ಚು ಅಂದ್ರೆ ನಿಮ್ಮ ಆಯುಷ್ಯ ಪೂರ್ತಿ. ನಿಜವಾದ ಉತ್ತರ ನಡುವೆ ಎಲ್ಲೋ ಇದೆ. ಅದಕ್ಕೆ ನಾನು ಖಾತ್ರಿ!”