ಚುಕ್ಕಿ ನಿಂತರೆ ಸೂರತ್

ನಾನು ಎಲ್ಲಿಗೆ ರಿಪೇರಿಗೆ ಹೋದರೂ ಯಂತ್ರದ ಜೊತೆಗೆ ಒಂದು ತಮಾಷೆಯೂ ಬಿಚ್ಚಿಕೊಳ್ಳುತ್ತದೆ. ಅದು ನನ್ನ ಕೈಗುಣ. ಹಾವೇರಿ ಕಡೆಯ ಹಳ್ಳಿಯವನು ನಾನು. ಮೀಸೆ ಮೂಡುವ ಮೊದಲೇ ಪಂಪ್‌ಸೆಟ್ ಬಿಚ್ಚಿ ಕೂಡಿಸಿದ ಕೈ ಇದು. ಈಗ ವಡೋದರಾದ ಸೌಂಡ್ ಅಂಗಡಿಯೊಂದರಲ್ಲಿ ಡಿಜೆ ಟರ್ನ್‌ಟೇಬಲ್ ರಿಪೇರಿ ಮಾಡುತ್ತೇನೆ. ಅಹಮದಾಬಾದಿನಿಂದ ಸೂರತ್‌ವರೆಗೆ ಈ ಕೆಲಸಕ್ಕೆ ನನ್ನಂಥವನು ಇನ್ನೊಬ್ಬನಿಲ್ಲ. ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಎಲ್ಲರಿಗೂ ಹೇಳಿಟ್ಟಿದ್ದೇನೆ, ಹಾಗಾಗಿ ಅವರೂ ಹೇಳುತ್ತಾರೆ.

ಬರುವ ದೂರು ಹೆಚ್ಚಾಗಿ ಪಿಚ್‌ನದು, ಅಂದರೆ ರೆಕಾರ್ಡು ತಿರುಗುವ ವೇಗದ್ದು. ಯಂತ್ರದ ಬಲಗಡೆ ಒಂದು ಸ್ಲೈಡರ್ ಇರುತ್ತದೆ. ಈ ಕಡೆ ಎಳೆದರೆ ಹಾಡು ಓಡುತ್ತದೆ, ಆ ಕಡೆ ತಳ್ಳಿದರೆ ನಿಧಾನವಾಗುತ್ತದೆ. ತಿರುಗುವ ತಟ್ಟೆಯ ಅಂಚಿನಲ್ಲಿ ಸಾಲು ಚುಕ್ಕಿಗಳು. ವೇಗ ಸರಿಯಿದ್ದರೆ ಪಕ್ಕದ ಪುಟ್ಟ ಕೆಂಪು ದೀಪದಲ್ಲಿ ಅವು ನಿಂತಂತೆ ಕಾಣುತ್ತವೆ. ತಪ್ಪಿದರೆ ಇರುವೆ ಸಾಲಿನಂತೆ ಹರಿಯುತ್ತವೆ.

ಈ ವರ್ಷದ ಆರಂಭದಲ್ಲಿ ನಮ್ಮ ಸೇಠ್ ಒಂದು ಮಾತು ಕೊಟ್ಟರು. "ದೀಪಾವಳಿಗೆ ಸೂರತ್‌ನಲ್ಲಿ ಹೊಸ ಅಂಗಡಿ ತೆಗೀತೀನಿ. ಅಲ್ಲಿಯವರೆಗೆ ನೀನು ಮುಟ್ಟಿದ ಯಂತ್ರ ಒಂದೂ ಅದೇ ದೂರು ಹೊತ್ತು ವಾಪಸ್ ಬರಬಾರದು. ಬರದಿದ್ದರೆ ಆ ಅಂಗಡಿ ನಿನ್ನ ಕೈಗೆ."

"ಬೋರ್ಡು ಬರೆಸಿಬಿಡಿ ಸೇಠ್," ಅಂದೆ.

ಗುಲಾಬಿ ದಾರ

ಉತ್ತರಾಯಣ, ಅಂದರೆ ಇಲ್ಲಿಯವರ ಸಂಕ್ರಾಂತಿಯ ಗಾಳಿಪಟದ ಹಬ್ಬ, ಮುಗಿದ ಎರಡೇ ದಿನಕ್ಕೆ ಅಹಮದಾಬಾದಿನಿಂದ ಫೋನು. ಒಬ್ಬ ಬಟ್ಟೆ ವ್ಯಾಪಾರಿ ಮಾಳಿಗೆಯ ಮೇಲೆ ಡಿಜೆ ಹಾಕಿಕೊಂಡು ಗಾಳಿಪಟ ಹಾರಿಸಿದ್ದರು. ಆವತ್ತಿನಿಂದ ಅವರ ಟರ್ನ್‌ಟೇಬಲ್ ಎಮ್ಮೆಯಂತೆ ಎಳೆಯುತ್ತಿತ್ತು. ಸ್ಲೈಡರ್ ಎಷ್ಟು ಎಳೆದರೂ ಹಾಡು ಏಳುತ್ತಿರಲಿಲ್ಲ. ಊರಿನ ಇಬ್ಬರು ಮೆಕ್ಯಾನಿಕ್‌ಗಳು ಮೋಟರೇ ಸತ್ತಿದೆ ಎಂದು ಹೇಳಿ ಹೋಗಿದ್ದರು.

ನಾನು ಸ್ಕ್ರೂಡ್ರೈವರ್ ಕೂಡ ಹೊರತೆಗೆಯಲಿಲ್ಲ. ತಟ್ಟೆ ಎತ್ತಿದೆ, ಅಷ್ಟೇ. ಕೆಳಗಿನ ಕಡ್ಡಿಗೆ ಗಾಳಿಪಟದ ಗುಲಾಬಿ ದಾರ ಜಡೆ ಹೆಣೆದಂತೆ ಸುತ್ತಿಕೊಂಡಿತ್ತು.

ವ್ಯಾಪಾರಿ ದಾರವನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದರು. "ನಮ್ಮದು ಹಳದಿ ದಾರ. ಗುಲಾಬಿ ಎದುರು ಮಾಳಿಗೆಯವನದು! ನಾನು ಅವನ ಪಟ ಕಡಿದೆ ಅಂದರೆ, ಇಲ್ಲ, ಗಾಳಿಗೆ ಹರಿಯಿತು ಅಂತ ವಾದ ಮಾಡಿದ್ದ!" ಹೇಳುತ್ತಲೇ ಮಾಳಿಗೆಯ ಅಂಚಿಗೆ ಓಡಿ, "ಕಾಪ್ಯೋ ಛೇ! ಕಡಿದಿದ್ದು ನಾನೇ!" ಎಂದು ಕೂಗಿದರು.

ಎದುರಿನಿಂದ ಉತ್ತರ ಬಂತು: "ಹಬ್ಬ ಮುಗಿದ ಮೇಲೆ ಕೂಗಿದರೆ ಲೆಕ್ಕಕ್ಕಿಲ್ಲ!"

"ಸಾಕ್ಷಿ ಇದೆ! ಹೊರಗಿನ ಊರಿನ ಎಂಜಿನಿಯರ್ ತೆಗೆದಿದ್ದಾರೆ!"

ಆ ದಾರ ಈಗ ಅವರ ಷೋಕೇಸಿನಲ್ಲಿದೆ. ಯಂತ್ರ ಸರಿಹೋಯಿತೇ ಎಂದು ಮಾತ್ರ ಇವತ್ತಿನವರೆಗೂ ಕೇಳಿಲ್ಲ.

ಸರಿಯಾಗಿದೆ ಎಂಬ ದೂರು

ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಮೈಸೂರಿನ ಕಡೆಯ ಒಬ್ಬರು ಅಂಕಲ್ ಇದ್ದಾರೆ. ಯಾರೋ ಮಾರಿದ ಡಿಜೆ ಟರ್ನ್‌ಟೇಬಲ್ ಕೊಂಡು, ಅದರಲ್ಲಿ ಹಳೆಯ ದೇವರನಾಮದ ರೆಕಾರ್ಡು ಹಾಕುತ್ತಾರೆ. ಅಳಿಯ ಬಂದಾಗ ಚುಕ್ಕಿ ನೋಡಿ "ಮಾವ, ಇದು ಜೋರಾಗಿ ಓಡ್ತಿದೆ" ಅಂದನಂತೆ. ಯಂತ್ರ ನನ್ನ ಹತ್ತಿರ ಬಂತು. ವೇಗ ಸರಿಮಾಡಿದೆ. ಚುಕ್ಕಿಗಳು ಶಾಲೆಯ ಪ್ರಾರ್ಥನೆಯ ಸಾಲಿನಂತೆ ನಿಂತವು.

ವಾರಕ್ಕೆ ಅಂಕಲ್, ಆಂಟಿ, ಯಂತ್ರ, ಮೂವರೂ ರೈಲಿನಲ್ಲಿ ವಡೋದರಾಕ್ಕೇ ಬಂದಿಳಿದರು.

"ಏನಪ್ಪಾ ಮಾಡಿಬಿಟ್ಟೆ?" ಅಂಕಲ್ ಶುರುಮಾಡಿದರು. "ನಮ್ಮ ಮನೆಯವರ ಶ್ರುತಿಗೇ ಸಿಗ್ತಿಲ್ಲ. ಹತ್ತು ವರ್ಷದಿಂದ ಇದರ ಜೊತೆ ಹಾಡ್ತಿದಾರೆ."

"ಅಂಕಲ್, ರೆಕಾರ್ಡಿನಲ್ಲಿ ಆ ಅಮ್ಮ ಹಾಡಿರೋದೇ ಈ ಶ್ರುತಿಯಲ್ಲಿ."

ಆಂಟಿ ಕನ್ನಡಕ ಸರಿಮಾಡಿಕೊಂಡರು. "ಆವತ್ತು ಅವರಿಗೆ ನೆಗಡಿ ಆಗಿತ್ತೇನೋ. ನೀನು ಮೊದಲಿನ ಹಾಗೇ ಮಾಡಿಕೊಡು."

ಸ್ಲೈಡರನ್ನು ವೇಗದ ಕಡೆಗೆ ಎಳೆದು, ಆಂಟಿ ತಲೆಯಾಡಿಸಿದ ಜಾಗಕ್ಕೆ ಉಗುರುಬಣ್ಣದ ಗುರುತು ಹಾಕಿದೆ. "ಈಗ ನೋಡು, ಎಷ್ಟು ಚೆನ್ನಾಗಿ ರಿಪೇರಿ ಮಾಡಿದೆ!" ಎಂದು ಹರಸಿ ಹೋದರು.

ಸೇಠ್ ಗಲ್ಲಾದಿಂದಲೇ ಕೇಳಿದರು, "ಇದು ವಾಪಸ್ ಬಂದ ಹಾಗೆ ಅಲ್ಲವಾ?"

"ಹೇಗಾಗುತ್ತೆ ಸೇಠ್? ಮೊದಲು ಕೆಟ್ಟಿದೆ ಅಂತ ತಂದರು. ಈಗ ಸರಿಯಾಗಿದೆ ಅಂತ ತಂದಿದ್ದರು. ದೂರೇ ಬೇರೆ!"

ನಡುಗುವ ಚುಕ್ಕಿ

ಸೂರತ್‌ನ ಕತಾರ್‌ಗಾಮ್‌ನಲ್ಲಿ ಒಬ್ಬ ವಜ್ರದ ಕುಶಲಕರ್ಮಿ. ಮದುವೆಗಳಲ್ಲಿ ಡಿಜೆ ಅವನ ಷೋಕಿ. ರಿಪೇರಿ ಮುಗಿಸಿ ಕೊಟ್ಟರೆ, ಕಣ್ಣಿಗೆ ವಜ್ರ ನೋಡುವ ಭೂತಗನ್ನಡಿ ಏರಿಸಿ ಚುಕ್ಕಿಗಳನ್ನು ನೋಡುತ್ತ ಕೂತ. ನಾನು ಎರಡು ಚಹಾ ಮುಗಿಸಿದೆ.

"ಭಾಯ್, ಚುಕ್ಕಿ ನಿಂತಿದೆ. ಆದರೆ ನಡುಗುತ್ತಿದೆ. ಇದನ್ನು ಪಾಸ್ ಮಾಡೋಕಾಗಲ್ಲ."

ನನಗೆ ಸೂರತ್‌ನ ಅಂಗಡಿ ಸೂರತ್‌ನಲ್ಲೇ ಕೈಬಿಟ್ಟು ಹೋಯಿತು ಅನ್ನಿಸಿತು. ಆಮೇಲೆ ಲೋಟದಲ್ಲಿ ಉಳಿದ ಚಹಾ ನೋಡಿದೆ. ಅದೂ ನಡುಗುತ್ತಿತ್ತು. ಕೆಳಗಿನ ಮಹಡಿಯಲ್ಲಿ ವಜ್ರ ಉಜ್ಜುವ ಸಾಣೆಚಕ್ರಗಳು ಸಾಲಾಗಿ ತಿರುಗುತ್ತಿದ್ದವು.

"ಯಂತ್ರ ಪಾಸು ಭಾಯ್," ಅಂದೆ. "ಬಿಲ್ಡಿಂಗ್ ಬಿಚ್ಚಬೇಕು. ಅದಕ್ಕೆ ರೇಟು ಬೇರೆ."

ಖಂಡೇನವಮಿ

ಹೀಗೆ ಒಂದೂ ವಾಪಸ್ ಬರದೆ ನವರಾತ್ರಿ ಬಂತು. ಗರ್ಬಾ ಮೈದಾನಕ್ಕೆ ನಮ್ಮದೇ ಸೌಂಡ್. ಅಷ್ಟಮಿಯ ದಿನ ಅಲ್ಲಿಯ ಟರ್ನ್‌ಟೇಬಲ್ ವೇಗ ಜಿಗಿಯುತ್ತಿದೆ ಎಂದು ಬಂದಿತ್ತು. ಸ್ಲೈಡರ್‌ನ ಧೂಳು ತೆಗೆದು, ಮತ್ತೆ ಮತ್ತೆ ನೋಡಿ, ಮುಚ್ಚಿಟ್ಟಿದ್ದೆ.

ನವಮಿಯ ಬೆಳಿಗ್ಗೆ ಊರಿನಿಂದ ಅವ್ವನ ಫೋನು. "ಇವತ್ತ ಖಂಡೇನವಮಿ. ನಿನ್ನ ಸಾಮಾನಕ್ಕ ಕುಂಕುಮ ಹಚ್ಚಿದ್ಯೋ ಇಲ್ಲೋ?"

"ಹಚ್ತೀನಿ ಬೇ."

"ಜಿಪುಣತನ ಮಾಡಬ್ಯಾಡ. ಚೊಲೋತ್ನಾಗ ಹಚ್ಚು."

ಸ್ಕ್ರೂಡ್ರೈವರ್, ಮೀಟರ್, ಬೆಸುಗೆಯ ಕಡ್ಡಿ, ಎಲ್ಲಕ್ಕೂ ಕುಂಕುಮ ಕಲಸಿ ಹಚ್ಚಿದೆ. ಮೇಜಿನ ಮೇಲಿದ್ದ ಯಂತ್ರಕ್ಕೂ. ಅಕ್ಷತೆ ಹಾಕಿ ಕೈಮುಗಿದೆ.

ಮಧ್ಯಾಹ್ನ ಮೈದಾನದಲ್ಲಿ ಹೆಂಗಸರ ಒಂದು ತಂಡ ಅಭ್ಯಾಸಕ್ಕೆ ನಿಂತಿತ್ತು. ಹಾಡು ಮೆಲ್ಲಗೆ ಶುರುವಾಗಿ, ಇದ್ದಕ್ಕಿದ್ದಂತೆ ಹಗ್ಗ ಕಿತ್ತ ಹೋರಿಯಂತೆ ಓಡಿತು, ಮತ್ತೆ ಕುಂಟಿತು, ಮತ್ತೆ ಓಡಿತು. ವೃತ್ತದಲ್ಲಿ ಒಬ್ಬರ ಮೇಲೊಬ್ಬರು. ತಂಡದ ಹಿರಿಯರು, ಎಲ್ಲರೂ ಮಾಸಿ ಅನ್ನುವ ಒಬ್ಬರು, ದಾಂಡಿಯಾ ಕೋಲನ್ನು ನನ್ನ ಕಡೆಗೇ ತೋರಿಸಿದರು. ಅದೇ ಯಂತ್ರ, ಅದೇ ದೂರು. ಸೇಠ್ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದರು.

ನಾನು ಬಗ್ಗುವವನೇ? ಎಲ್ಲರಿಗೂ ಕೇಳುವಂತೆ ಹೇಳಿದೆ: "ನನ್ನ ಕೆಲಸದಲ್ಲಿ ತಪ್ಪಿಲ್ಲ! ಆಮೇಲೆ ಯಾವನೋ ದಡ್ಡ ಕೈಹಾಕಿದ್ದಾನೆ. ಬಿಚ್ಚಿ ನೋಡಿ ಸೇಠ್. ಅಂಥವನನ್ನು ಈ ಊರಿನಲ್ಲಿ ಇಟ್ಟುಕೊಳ್ಳಬಾರದು, ಓಡಿಸಬೇಕು!"

ಸೇಠ್ ತಾವೇ ಸ್ಲೈಡರ್ ಬಿಚ್ಚಿದರು. ಒಳಗೆ ಕೆಂಪು ರಾಡಿ. ನಡುವೆ ಒಂದು ಅಕ್ಕಿಕಾಳು. ಅವರು ಅಕ್ಕಿಕಾಳು ನೋಡಿದರು. ಆಮೇಲೆ ನಿಧಾನವಾಗಿ ನನ್ನ ಹಣೆ ನೋಡಿದರು. ಅಲ್ಲಿಯೂ ಅದೇ ಕುಂಕುಮ, ಜಿಪುಣತನವಿಲ್ಲದೆ.

ಮೊದಲು ಮಾಸಿ ನಕ್ಕರು. ಆಮೇಲೆ ಇಡೀ ಮೈದಾನ.

ನಾನು ತಲೆ ಎತ್ತದೆ ತೊಳೆದು, ಒಣಗಿಸಿ, ಕೂಡಿಸಿದೆ. ಹೆಂಗಸರು ನೀರು ಕುಡಿದು ಬರುವಷ್ಟರಲ್ಲಿ ಚುಕ್ಕಿ ನಿಂತಿತ್ತು.

ಸೇಠ್ ಕಣ್ಣೊರೆಸಿಕೊಂಡು ಹೇಳಿದರು, "ಇಡೀ ವರ್ಷದಲ್ಲಿ ವಾಪಸ್ ಬಂದದ್ದು ಇದೊಂದೇ. ಕೆಡಿಸಿದವನೂ ನೀನೇ, ಹಿಡಿದುಕೊಟ್ಟವನೂ ನೀನೇ, ಶಿಕ್ಷೆ ಹೇಳಿದವನೂ ನೀನೇ. ಊರು ಬಿಡಿಸಬೇಕು ಅಂದೆಯಲ್ಲ? ದೀಪಾವಳಿಗೆ ಸೂರತ್‌ಗೆ ಹೋಗು. ಅಂಗಡಿ ನೋಡಿಕೋ. ಪೂಜೆಗೆ ಮಾತ್ರ ನಾನೇ ಬರ್ತೀನಿ."

ತಕ್ಷಣ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಸೂರತ್ ಅಂಗಡಿ ನನಗ ಸಿಕ್ತು!"

ಆ ಕಡೆಯಿಂದ ಅವ್ವನ ದನಿ, ನನಗಿಂತ ಜೋರಾಗಿ:

"ಸಿಗದೇ ಏನ್ ಮಾಡತೈತಿ? ಕುಂಕುಮ ಹಚ್ಚು ಅಂತ ಹೇಳಿದಾಕಿ ಯಾರು?"